ಮಂಡಿಯ ಮೇಲಿನ ಬಿಳಿ ಗೆರೆಗಳು

ಸಿಟ್ಟು ಬಂದಾಗ ಪಾತ್ರೆ ಕುಕ್ಕುವವರಿದ್ದಾರೆ, ಬಾಗಿಲು ಬಡಿಯುವವರಿದ್ದಾರೆ. ನಾನು ಮರ ಕೆತ್ತುತ್ತೇನೆ. ಇದು ಒಳ್ಳೆಯ ಅಭ್ಯಾಸ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಯಾರಿಗೂ ಕೆಟ್ಟ ಮಾತು ಆಡಿದ ಹಾಗಾಗುವುದಿಲ್ಲ, ಹೇಳಬೇಕಾದ್ದನ್ನು ಹೇಳಿದ ಹಾಗೂ ಆಗುತ್ತದೆ ಎಂದು. ಆ ನಂಬಿಕೆ ಈಗ ಉಳಿದಿಲ್ಲ. ಅದು ಹೇಗೆ ಹೋಯಿತು ಎಂಬುದನ್ನು ಬರೆಯಲು ಕೂತಿದ್ದೇನೆ.

ದುರ್ಗಿಗುಡಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್. ಮಕ್ಕಳಿಗೆ ಕಲಿಸುವುದು ಹೂಕುಂಡ, ಸೂರ್ಯೋದಯ, ರಾಷ್ಟ್ರಧ್ವಜ. ಮನೆಗೆ ಬಂದ ಮೇಲೆ ನನಗಾಗಿ ಮಾಡಿಕೊಳ್ಳುವುದು ಮರದ ಅಚ್ಚಿನ ಚಿತ್ರ. ಹಲಗೆಯ ಮೇಲೆ ಉಳಿಯಿಂದ ಕೆತ್ತಿ, ಉಬ್ಬಾಗಿ ಉಳಿದ ಭಾಗಕ್ಕೆ ಕಪ್ಪು ಇಂಕು ಸವರಿ, ಮೇಲೆ ಕಾಗದವಿಟ್ಟು ಸೌಟಿನ ಬೆನ್ನಿನಿಂದ ಉಜ್ಜಿ ತೆಗೆಯಬೇಕು. ಕೆತ್ತಿ ತೆಗೆದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಇಷ್ಟೇ ವಿದ್ಯೆ. ಸಾರು ಬಡಿಸಲು ಸೌಟು ಬೇಕಾದಾಗಲೆಲ್ಲ ನಮ್ಮ ಯಜಮಾನರು ಅಡುಗೆಮನೆ ಬಿಟ್ಟು ನೇರವಾಗಿ ನನ್ನ ಟೇಬಲ್ಲಿನ ಹತ್ತಿರವೇ ಬರುತ್ತಾರೆ.

ನನ್ನ ಚಿತ್ರಗಳಲ್ಲಿ ಬಹುಪಾಲು ಪ್ರಾಣಿಗಳದ್ದೇ ಪಾಡು. ಬೈಕಿನ ಹ್ಯಾಂಡಲ್ಲಿಗೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುವವನನ್ನು ಒಮ್ಮೆ ಕೆತ್ತಿದೆ. ಅವನು ನಿಯಮದಂತೆ ಹೆಲ್ಮೆಟ್ ಹಾಕಿದ್ದ. ನಾನು ಕೋಳಿಗಳಿಗೂ ಒಂದೊಂದು ಹೆಲ್ಮೆಟ್ ಹಾಕಿದೆ. ಇದನ್ನು ನೋಡಿ ಯಾರಾದರೂ ನಾಚಿಕೊಳ್ಳುತ್ತಾರೆ ಎಂದುಕೊಂಡರೆ, ನಮ್ಮ ಬೀದಿಯ ಕೋಳಿ ಅಂಗಡಿಯವರು ಒಂದು ಪ್ರತಿ ಕೇಳಿ ಪಡೆದು, ಕಟ್ಟು ಹಾಕಿಸಿ, ದೇವರ ಪಟದ ಪಕ್ಕದಲ್ಲೇ ತೂಗುಹಾಕಿದರು. ಇನ್ನೊಂದರಲ್ಲಿ ಹಸುವಿನ ಬಾಲವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ ಭಕ್ತ, ಹಸುವಿನ ಬಾಯಲ್ಲಿ ಅವನೇ ಎಸೆದ ಪ್ಲಾಸ್ಟಿಕ್ ಚೀಲ. ನಮ್ಮ ಸ್ಕೂಲಿನ ಸಹೋದ್ಯೋಗಿಯೊಬ್ಬರು ಅದರ ಫೋಟೋ ತೆಗೆದು, ಹಸುವಿನ ಮೂತಿಯ ಭಾಗ ಕತ್ತರಿಸಿ, ಗೋಪೂಜೆಯ ಶುಭಾಶಯ ಎಂದು ಎಲ್ಲರ ಮೊಬೈಲಿಗೂ ಕಳಿಸಿದರು. ಆಗ ನನಗೆ ನಗು ಬಂದಿತ್ತು. ನಗಬಾರದಿತ್ತು. ಚಿತ್ರವನ್ನು ಜನ ಎಲ್ಲಿ ಕತ್ತರಿಸುತ್ತಾರೆ ಎಂಬುದನ್ನು ಆಗಲೇ ಗಮನಿಸಬೇಕಿತ್ತು.

ಉಳಿ ಹಿಡಿಯುವುದನ್ನು ನನಗೆ ಸರಿಯಾಗಿ ಕಲಿಸಿದವರು ಭದ್ರಾವತಿ ಹಳೇನಗರದ ಒಬ್ಬ ಹಿರಿಯರು. ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಆಮೇಲೂ ಕೆಲವು ವರ್ಷ ಮಾಚೇನಹಳ್ಳಿಯ ಸಣ್ಣ ಫೌಂಡ್ರಿಗಳಿಗೆ ಹೋಗಿ ಅದೇ ಕೆಲಸ ಮಾಡಿದರು. ಮನೆಮಾತು ತಮಿಳು, ನನ್ನನ್ನು ಕರೆಯುವುದು ಟೀಚರಮ್ಮ ಎಂದು. ಉಳಿ ಮಸೆಸಲು ಹೋದವಳು ವಾರಕ್ಕೊಮ್ಮೆ ಹೋಗುವಂತಾದೆ. ಅವರ ಹಿತ್ತಲಿನ ಶೀಟಿನ ಕೆಳಗೆ ತೇಗದ ತುಂಡುಗಳು ಅಳತೆ ಪ್ರಕಾರ ಜೋಡಿಸಿಟ್ಟಿರುತ್ತವೆ. ಕೆಲಸದ ಮಧ್ಯೆ ಮಾತಾಡಿದರೆ ಅವರಿಗೆ ಆಗುವುದಿಲ್ಲ. ಮುಗಿದ ಮೇಲೆ ಒಂದು ಮಾತು ಹೇಳುತ್ತಾರೆ, ಅದನ್ನು ಮಾತ್ರ ಕೇಳಿಸಿಕೊಳ್ಳಬೇಕು.

ಇನ್ನು ಹೋರಿಯ ವಿಷಯ. ನನ್ನ ತವರು ಕುಂಸಿಯ ಹತ್ತಿರದ ಹಳ್ಳಿ. ಅಲ್ಲಿ ನನ್ನ ತಮ್ಮ ಇದ್ದಾನೆ, ಬೇಸಾಯ ಮಾಡುತ್ತಾನೆ, ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುತ್ತಾನೆ. ನಮ್ಮ ಅವ್ವನ ಕೊನೆಯ ವರ್ಷದಲ್ಲಿ ಕೊಟ್ಟಿಗೆಯ ಹಸುವೊಂದು ಕರು ಹಾಕಿ ಸತ್ತಿತು. ಅವ್ವ ಆ ಗಂಡುಗರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದಳು. ತಾನೇ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿ ಕರುವಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ರಜೆಗೆ ಹೋದಾಗ ನಾನೂ ಬಾಟಲಿ ಹಿಡಿದಿದ್ದೇನೆ. ಅಂಗೈಯಲ್ಲಿ ಬೆಲ್ಲವಿಟ್ಟುಕೊಂಡರೆ ಅದು ಬೆಲ್ಲ ಮುಗಿದ ಮೇಲೂ ನೆಕ್ಕುತ್ತಲೇ ಇರುತ್ತಿತ್ತು. ಅವ್ವ ಹೋದ ಮೇಲೆ ಆ ಕರು ಬೆಳೆದು ಹೋರಿಯಾಯಿತು, ತಮ್ಮ ಅದನ್ನು ಓಟಕ್ಕೆ ತಯಾರು ಮಾಡಿದ.

ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಹಾರಗಳನ್ನು ಬಿಗಿದು ಎರಡು ಸಾಲು ಜನರ ನಡುವೆ ಬಿಡುತ್ತಾರೆ. ಜನ ಅದರ ಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು. ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಬಹುಮಾನ, ಸಾಕಿದವನಿಗೆ ಹೆಸರು. ಒಳ್ಳೆಯ ಹೋರಿಗಳಿಗೆ ಅಭಿಮಾನಿ ಬಳಗಗಳಿರುತ್ತವೆ, ಸಿನಿಮಾ ನಟರಿಗೆ ಇರುವ ಹಾಗೆ ಫ್ಲೆಕ್ಸು, ಟೀ ಶರ್ಟು, ಬಿರುದು ಎಲ್ಲವೂ. ನಮ್ಮ ಹೋರಿಗೂ ಒಂದು ಭಾರೀ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವ್ವ ಅದನ್ನು ಬರೀ ಕರಿಯ ಅನ್ನುತ್ತಿದ್ದಳು, ನಾನೂ ಹಾಗೆಯೇ ಅನ್ನುತ್ತಿದ್ದೆ.

ತಮ್ಮ ಅದಕ್ಕೆ ಕ್ರೂರಿಯಾಗಿದ್ದ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದವನು ಹೆಂಡತಿಯ ಮುಖಕ್ಕಿಂತ ಮೊದಲು ಹೋರಿಯ ಮುಖ ನೋಡುತ್ತಿದ್ದ. ಹುರುಳಿ ಬೇಯಿಸಿ ಹಾಕುತ್ತಿದ್ದ, ಹತ್ತಿಕಾಳು ನೆನೆಸಿ ಹಾಕುತ್ತಿದ್ದ, ಕೆರೆಗೆ ಇಳಿಸಿ ಈಜಿಸುತ್ತಿದ್ದ. ಅದೇ ತಮ್ಮ ಹಬ್ಬದ ದಿನ ಅದರ ಬಾಲ ತಿರುಚುವವರನ್ನು ನೋಡಿಯೂ ಸುಮ್ಮನಿರುತ್ತಿದ್ದ, ಕಿವಿಯ ಹತ್ತಿರ ತಮಟೆ ಬಾರಿಸಿದರೆ ಚಪ್ಪಾಳೆ ತಟ್ಟುತ್ತಿದ್ದ. ಈ ಎರಡೂ ಒಬ್ಬನೇ ಮನುಷ್ಯನೊಳಗೆ ಹೇಗೆ ಜಗಳವಿಲ್ಲದೆ ಇರುತ್ತವೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಆ ವರ್ಷ ದಸರಾ ರಜೆಗೆ ಊರಿಗೆ ಹೋದಾಗ ಕರಿಯ ಎಡ ಮುಂಗಾಲನ್ನು ಪೂರ್ತಿ ಊರದೆ ನಿಂತಿರುವುದನ್ನು ಕಂಡೆ. ಹತ್ತಿರ ಹೋಗಿ ಮಂಡಿ ಮುಟ್ಟಿದೆ. ಬಾತುಕೊಂಡಿತ್ತು, ಬಿಸಿಯಿತ್ತು. ಅಭ್ಯಾಸದ ಓಟದಲ್ಲಿ ಕಲ್ಲಿಗೆ ತಾಗಿದೆ, ಬೇವಿನೆಣ್ಣೆ ಹಚ್ಚುತ್ತಿದ್ದೇನೆ ಎಂದು ತಮ್ಮ ಹೇಳಿದ. ಈ ಸಲ ಬಿಡಬೇಡ ಎಂದೆ. ಅವನು ನಕ್ಕ. ನನಗೆ ರೇಗಿತು. ಮಂಡಿಯ ವಿಷಯ ಬಿಟ್ಟು ಬೇರೆಲ್ಲ ವಿಷಯಕ್ಕೂ ಜಗಳವಾಡಿದೆ. ಅವ್ವ ಸಾಕಿದ ಕರು ಎಂದೆ, ನಾಚಿಕೆಯಾಗಬೇಕು ಎಂದೆ, ನಿನ್ನ ಕೊರಳಿಗೂ ಕೊಬ್ಬರಿ ಕಟ್ಟಿ ಬಿಡಬೇಕು ಎಂದೆ. ಅವನು ಎಲ್ಲ ಕೇಳಿಸಿಕೊಂಡು, ನಾನು ಬಸ್ಸು ಹತ್ತುವ ಹೊತ್ತಿಗೆ ಬಂದು ಹೇಳಿದ.

"ಬಾವು ಇಳೀದಿದ್ರೆ ಬಿಡಲ್ಲ ಅಕ್ಕ. ಅವ್ವನಾಣೆ."

ಅವನು ಅವ್ವನ ಮೇಲೆ ಸುಳ್ಳು ಆಣೆ ಇಡುವವನಲ್ಲ. ಅದು ನನಗೆ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಮಾರನೆಯ ದಿನವೇ ಭದ್ರಾವತಿಗೆ ಹೋಗಿ ಹಿರಿಯರ ಹತ್ತಿರ ಒಂದು ದೊಡ್ಡ ತೇಗದ ಹಲಗೆ ತೆಗೆದುಕೊಂಡೆ. ರಜೆ ಮುಗಿಯುವವರೆಗೆ ಅವರ ಶೀಟಿನ ಕೆಳಗೇ ಕೂತು ಕೆತ್ತಿದೆ. ಹಲಗೆಯ ತುಂಬ ಕರಿಯ. ಕೊರಳಿನ ಹಾರದಲ್ಲಿ ಒಂದೊಂದು ಕೊಬ್ಬರಿ ಗಿಟುಕಿನೊಳಗೂ ಹಲ್ಲು ಕಿಸಿದ ಒಬ್ಬೊಬ್ಬ ಮನುಷ್ಯನ ಮುಖ. ಬೆನ್ನ ಮೇಲಿನ ಹಿಣಿಲಿಗೆ ಜೋತುಬಿದ್ದು ಸೆಲ್ಫಿ ತೆಗೆದುಕೊಳ್ಳುವವನೊಬ್ಬ, ಬಾಲ ಕಚ್ಚುತ್ತಿರುವವನೊಬ್ಬ. ಮೂಲೆಯಲ್ಲಿ ಬಹುಮಾನದ ಬೈಕಿನ ಮೇಲೆ ಕೂತು ಹೋರಿಗೆ ಕೈಮುಗಿಯುತ್ತಿರುವ ಅದರ ಒಡೆಯ, ಅವನಿಗೆ ನನ್ನ ತಮ್ಮನ ಮೀಸೆ. ಕೊನೆಯಲ್ಲಿ ಎಡ ಮಂಡಿ. ನೋಡಿದವರ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು ಎಂದು, ಕಪ್ಪು ಕಾಲಿನ ಮೇಲೆ ಸುತ್ತಲೂ ಒತ್ತೊತ್ತಾಗಿ ಬಿಳಿ ಗೆರೆಗಳನ್ನು ಕೆತ್ತಿದೆ. ಉರಿಯುವ ಗಾಯದಿಂದ ಬಿಸಿ ಹೊರಡುತ್ತಿದೆ ಎಂಬ ಹಾಗೆ. ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಅದನ್ನು ಮರೆಯದೆ ಹಲಗೆಯ ಮೇಲೆ ತಿರುಗುಮುರುಗಾಗಿ ಬರೆದುಕೊಂಡಿದ್ದೆ. ಅಷ್ಟು ಎಚ್ಚರ ನನಗೆ.

ಮೊದಲ ಅಚ್ಚು ತೆಗೆದಾಗ ಹಿರಿಯರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಎರಕ ಆರುವಾಗ ಕುಗ್ಗುತ್ತೆ ಟೀಚರಮ್ಮ, ಅದಕ್ಕೇ ನಾವು ಪ್ಯಾಟರ್ನ್ ಸ್ವಲ್ಪ ದೊಡ್ಡದು ಮಾಡೋದು. ನೀವು ಹೋರಿನ ದೊಡ್ಡದು ಮಾಡಿದೀರ. ನೋವನ್ನ ಸರಿ ಅಳತೆಗೇ ಮಾಡಿದೀರ. ಅದು ಕುಗ್ಗೋಗುತ್ತೆ."

ನನಗೆ ಬೇಸರವಾಯಿತು. ಮೂವತ್ತು ವರ್ಷದಿಂದ ಚಿತ್ರ ಕಲಿಸುವವಳಿಗೆ ಕಬ್ಬಿಣದ ಲೆಕ್ಕ ಹೇಳುತ್ತಾರಲ್ಲ ಎನಿಸಿತು. ಆದರೆ ಹೋರಿ ಚಂದವಾಗಿ ಬಂದಿತ್ತು, ಅದು ನಿಜ. ಅದರ ಕುತ್ತಿಗೆ, ಕಣ್ಣು, ಮೈಯ ಹೊಳಪು ಎಲ್ಲವನ್ನೂ ಪ್ರೀತಿಯಿಂದ ಕೆತ್ತಿದ್ದೆ. ಬಾಟಲಿ ಹಿಡಿದ ಕೈ ಅದು, ಬೇರೆ ಥರ ಕೆತ್ತಲು ಅದಕ್ಕೆ ಬರುತ್ತಿರಲಿಲ್ಲ.

ವಾರದೊಳಗೆ ತಮ್ಮ ಅವಲಕ್ಕಿ ಚೀಲ ಹಿಡಿದು ಮನೆಗೆ ಬಂದ. ನಾನು ಚಿತ್ರವನ್ನು ಅವನ ಮುಂದೆ ಹರಡಿದೆ. ಅವನ ಮುಖ ಕಪ್ಪಿಡುವುದನ್ನು ನೋಡಬೇಕೆಂದು ಎದುರಿಗೇ ಕೂತೆ. ಅವನು ನೋಡಿದ. ಮತ್ತೆ ಹತ್ತಿರ ಎಳೆದುಕೊಂಡು ನೋಡಿದ. ಕಣ್ಣಲ್ಲಿ ನೀರು ಬಂತು. ಈ ಹೋರಿಯನ್ನು ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ, ಫೋಟೋದಲ್ಲೂ ಹೀಗೆ ಬಂದಿಲ್ಲ ಎಂದ. ಬೈಕಿನ ಮೇಲೆ ಕೂತವನನ್ನು ಕಂಡು, ನನ್ನ ಮೀಸೆ ಹಾಗೇ ಬಂದಿದೆ ಮಾರಾಯ್ತಿ ಎಂದು ಮೀಸೆ ತೀಡಿಕೊಂಡ. ಆಮೇಲೆ ಅವನ ಬೆರಳು ಮಂಡಿಯ ಮೇಲೆ ನಿಂತಿತು.

"ಇದೇನಕ್ಕ ಕಾಲಿಗೆ, ಕಡಗನಾ?"

ಅಲ್ಲ, ಅದು ಬಾವು ಎನ್ನಲು ಎಷ್ಟು ಹೊತ್ತು ಬೇಕು? ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಬೇಡ. ಆದರೆ ಚಿತ್ರದ ಕೆಳಗೆ ಇದು ಮರ, ಇದು ಮನೆ ಎಂದು ಬರೆಯಬೇಡಿ, ನೋಡಿದರೆ ಗೊತ್ತಾಗಬೇಕು ಎಂದು ಮಕ್ಕಳಿಗೆ ಮೂವತ್ತು ವರ್ಷದಿಂದ ಹೇಳುತ್ತ ಬಂದವಳು ನಾನು. ನನ್ನ ಚಿತ್ರಕ್ಕೆ ನಾನೇ ಅರ್ಥ ಹೇಳುವುದೇ ಎಂಬ ಜಂಬ. ಮೀಸೆ ತೀಡಿಕೊಂಡನಲ್ಲ ಎಂಬ ಉರಿ ಬೇರೆ. "ಸರಿಯಾಗಿ ನೋಡಿದ್ರೆ ಗೊತ್ತಾಗುತ್ತೆ," ಎಂದು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವನು ಚಿತ್ರವನ್ನು ಸುರುಳಿ ಸುತ್ತಿಕೊಂಡು, ಕಣ್ಣೊರೆಸಿಕೊಂಡು ಹೊರಟುಹೋದ.

ಮುಂದಿನ ವಾರ ಸ್ಕೂಲಿನಿಂದ ಬರುವಾಗ ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಎದುರು ನನ್ನ ಕರಿಯ ನಿಂತಿದ್ದ. ಒಬ್ಬ ದಪ್ಪ ಮನುಷ್ಯನ ಎದೆಯ ಮೇಲೆ, ಕಪ್ಪು ಟೀ ಶರ್ಟಿನಲ್ಲಿ. ಹಲ್ಲು ಕಿಸಿದ ಮುಖಗಳಿರಲಿಲ್ಲ, ಗಿಟುಕುಗಳು ಬರೀ ಗಿಟುಕುಗಳಾಗಿದ್ದವು. ಸೆಲ್ಫಿಯವನಿಲ್ಲ, ಬಾಲ ಕಚ್ಚುವವನಿಲ್ಲ, ಬೈಕಿಲ್ಲ. ಹೋರಿ ಮಾತ್ರ. ಮಂಡಿಯ ಸುತ್ತಲಿನ ನನ್ನ ಗೆರೆಗಳಿಗೆ ಬಂಗಾರದ ಬಣ್ಣ ತುಂಬಿದ್ದರು. ಮೇಲೆ ಹೋರಿಯ ಹೆಸರು, ಕೆಳಗೆ ಬಂಗಾರದ ಕಾಲಿನ ಸರದಾರ ಎಂಬ ಹೊಸ ಬಿರುದು. ನಾನು ದಿಟ್ಟಿಸುತ್ತಿರುವುದನ್ನು ಕಂಡ ಆ ಮನುಷ್ಯ ಸಂಕೋಚದಿಂದ ಹೊಟ್ಟೆ ಒಳಗೆಳೆದುಕೊಂಡ.

ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. ಅದು ಕಡಗ ಅಲ್ಲ ಕಣೋ, ಬಾವು, ನಾನು ಬರೆದದ್ದು ಅದರ ಬಾವು ಎಂದೆ. ಬಳಗದವರು ನೂರಾರು ಟೀ ಶರ್ಟು ಹೊಡೆಸಿ ಹಂಚಿಬಿಟ್ಟಿದ್ದಾರೆ, ಈಗ ಹೇಳಿದರೆ ನಗುತ್ತಾರೆ ಎಂದ. ಮಂಡಿಯ ಮಾತು ತಾನು ಮರೆತಿಲ್ಲ, ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ, ಇಳಿಯುತ್ತಿದೆ ಎಂದೂ ಹೇಳಿದ. ಬಿಡಲೇಬೇಡ ಎಂದು ಇನ್ನೊಮ್ಮೆ ಹೇಳಿದೆ. ನೋಡೋಣ ಎಂದ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಏನೆಂದು ನನಗೆ ಗೊತ್ತು.

ತಪ್ಪು ಚಿತ್ರದ್ದು, ಚಿತ್ರವನ್ನೇ ಸರಿಮಾಡಬೇಕು ಎಂದು ಹಟ ಹಿಡಿದೆ. ಕೆತ್ತಿ ತೆಗೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಆದರೆ ಭದ್ರಾವತಿಯ ಹಿರಿಯರಿಗೆ ಒಂದು ಕೆಲಸ ಗೊತ್ತಿತ್ತು. ಮಂಡಿಯ ಭಾಗವನ್ನಷ್ಟೇ ಚೌಕವಾಗಿ ಕೊರೆದು ತೆಗೆದು, ಅದೇ ಅಳತೆಯ ಹೊಸ ತೇಗದ ತುಂಡನ್ನು ಒಳಗೆ ಕೂರಿಸಿದರು. ಬೆರಳಾಡಿಸಿದರೂ ಸಂದು ಸಿಗಲಿಲ್ಲ. ಆ ತುಂಡಿನ ಮೇಲೆ ಈ ಸಲ ಬಾವನ್ನು ಇರುವುದಕ್ಕಿಂತ ದೊಡ್ಡದಾಗಿ ಬರೆದೆ, ಕಪ್ಪಗೆ, ಅಸಹ್ಯವಾಗಿ, ಯಾರೂ ಕಡಗ ಎನ್ನಲಾರದ ಹಾಗೆ. ಹಿರಿಯರು ಹೊಸ ಅಚ್ಚನ್ನು ನೋಡಿ ಸರಿ ಎಂಬಂತೆ ತಲೆಯಾಡಿಸಿದರು.

ಇಪ್ಪತ್ತು ಪ್ರತಿ ತೆಗೆದುಕೊಂಡು ಬಳಗದವರು ಸೇರುವ ಚಹದ ಹೋಟೆಲಿಗೆ ಹೋದೆ. ಅವರ ಮುಖಂಡರು ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮಾತಿನಲ್ಲಿ ಬಹಳ ಮರ್ಯಾದಸ್ಥರು. ಎಲ್ಲರೂ ಎದ್ದು ನಿಂತು, ಕುರ್ಚಿ ಒರೆಸಿ, ಸಕ್ಕರೆ ಕಡಿಮೆ ಹಾಕಿ ಚಹ ತರಿಸಿದರು. ಹೋರಿಗೆ ಮಂಡಿನೋವಿದೆ, ಓಡಿಸಬೇಡಿ, ಚಿತ್ರದಲ್ಲಿ ತೋರಿಸಿರುವುದು ಅದನ್ನೇ ಎಂದು ಬಾಯಿಬಿಟ್ಟೇ ಹೇಳಿದೆ. ಮುಖಂಡರು ಹೊಸ ಪ್ರತಿಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿದರು.

"ಮೇಡಂ, ಇದ್ರಲ್ಲಿ ಮಂಡಿ ಹತ್ರ ಇಂಕು ಜಾಸ್ತಿ ಆಗಿದೆ. ಬೇಜಾರು ಮಾಡ್ಕೋಬೇಡಿ, ನಮಗೆ ಮೊದಲನೇದೇ ಇರ್ಲಿ."

ನೋವಿನ ಮಾತಿಗೆ ಅವರಲ್ಲೊಬ್ಬರು, ಓಟದವರಿಗೆ ಅದೆಲ್ಲ ಇದ್ದದ್ದೇ, ಅಖಾಡಕ್ಕೆ ಇಳಿದ ಮೇಲೆ ಹೋರಿಗೆ ನೋವು ಗೊತ್ತಾಗುವುದಿಲ್ಲ ಎಂದು ನನಗೇ ಸಮಾಧಾನ ಹೇಳಿದರು. ಬಯ್ಯಲು ಒಬ್ಬರೂ ಸಿಗಲಿಲ್ಲ. ಅಷ್ಟು ಒಳ್ಳೆಯ ಜನ. ಹೊರಡುವಾಗ ಇಪ್ಪತ್ತು ಪ್ರತಿಗಳನ್ನು ಮಡಿಕೆ ಬೀಳದ ಹಾಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೇ ಕೊಟ್ಟರು.

ಹಬ್ಬದ ದಿನ ಬೆಳಿಗ್ಗೆ ಮೊಬೈಲು ತೆರೆದರೆ ತಮ್ಮನ ಸ್ಟೇಟಸ್ಸಿನಲ್ಲಿ ಕರಿಯನ ವಿಡಿಯೋ. ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲಿನ ಬಟ್ಟೆ, ಕೊರಳ ತುಂಬ ಕೊಬ್ಬರಿ. ಎಡ ಮಂಡಿಗೆ ನಾಲ್ಕು ಬೆರಳಗಲದ ಜರಿಯ ಪಟ್ಟಿ, ಒಳಗೆ ಸ್ಪಂಜು ಇಟ್ಟು ಹೊಲಿದದ್ದು. ನನ್ನ ಗೆರೆಗಳ ಹಾಗೆಯೇ ಸುತ್ತಲೂ ಚಿನ್ನದ ಎಳೆಗಳು ಚಿಮ್ಮಿ ನಿಂತಿದ್ದವು. ಟೀ ಶರ್ಟಿನಲ್ಲಿದ್ದದ್ದು ಹೋರಿಯ ಕಾಲಿನಲ್ಲೂ ಇರಬೇಕಲ್ಲ ಎಂದು ಬಳಗದವರು ಮಾಡಿಸಿದ್ದರು. ಬಾವು ಅದರೊಳಗೆ ಮುಚ್ಚಿಹೋಗಿತ್ತು.

ತಮ್ಮ ಫೋನ್ ಎತ್ತಲಿಲ್ಲ. ಯಜಮಾನರ ಸ್ಕೂಟರ್ ಹತ್ತಿ ಹಬ್ಬ ನಡೆಯುವ ಊರಾಚೆಯ ಬಯಲಿಗೆ ಹೋದೆ. ಕಣ್ಣು ಹಾಯಿಸಿದಷ್ಟೂ ಜನ. ಹೋರಿಗಳನ್ನು ಬಿಡುವ ಜಾಗ ಆ ಕೊನೆಯಲ್ಲಿ, ನಾವು ಈ ಕೊನೆಯಲ್ಲಿ. ನುಗ್ಗಿಕೊಂಡು ಹೋಗುತ್ತಿದ್ದವಳನ್ನು ಯಾರೋ ಗುರುತಿಸಿದರು. ನನ್ನ ಹತ್ತಿರ ಓದಿದವರಂತೆ, ಈಗ ಅವರ ಮಕ್ಕಳೂ ನಮ್ಮ ಸ್ಕೂಲಿನಲ್ಲೇ ಇದ್ದಾರಂತೆ. ಬಂಗಾರದ ಕಾಲಿನ ಹೋರಿ ಬರೆದ ಟೀಚರ್ ಇವರೇ ಎಂದು ಕೂಗಿ ದಾರಿ ಮಾಡಿಸಿದರು. ದಾರಿ ಸಿಕ್ಕಿತು ಎಂದುಕೊಂಡೆ. ಆ ದಾರಿ ವೇದಿಕೆಗೆ ಹೋಗುತ್ತಿತ್ತು.

ಬೇಡ ಎನ್ನುವಷ್ಟರಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೆಗಲಿಗೆ ಶಾಲು ಹೊದಿಸಿದರು. ಕೊರಳಿಗೆ ಹಾರ ಹಾಕಿದರು. ಅದೂ ಕೊಬ್ಬರಿಯದೇ ಹಾರ, ವಿಶೇಷವಾಗಿರಲಿ ಎಂದು ಮಾಡಿಸಿದ್ದಂತೆ. ಹಣ್ಣಿನ ಬುಟ್ಟಿ ಕೈಗೆ ಬಂತು. ಹಿಂದೆ ಫ್ಲೆಕ್ಸಿನಲ್ಲಿ ಕರಿಯ, ಎತ್ತರ ನನ್ನ ಎರಡರಷ್ಟು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ನಾನು ಎದ್ದು ನಿಂತು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ.

"ಆ ಹೋರಿನ ಬಿಡ್ಬೇಡಿ. ಅದರ ಎಡ ಮಂಡಿ..."

ಹೋರಿ ಎಂಬ ಮಾತು ಕೇಳಿದ ಕೂಡಲೇ ಬಯಲಿನಲ್ಲಿ ಶಿಳ್ಳೆ ಎದ್ದಿತು. ಮಂಡಿ ಎಂದಾಗ ಚಪ್ಪಾಳೆ ಬಿತ್ತು. ನನ್ನ ದನಿ ನನಗೇ ಕೇಳಲಿಲ್ಲ. ನಿರೂಪಕರು ನಗುನಗುತ್ತ ಮೈಕು ತೆಗೆದುಕೊಂಡು, ಬಂಗಾರದ ಮಂಡಿಯ ಬಗ್ಗೆ ಮೇಡಂ ಹೇಳಿದ್ದು ಕೇಳಿದಿರಲ್ಲ, ಈಗ ಅದನ್ನೇ ನೋಡೋಣ ಎಂದು ಕೂಗಿದರು. ಆ ಕೊನೆಯಲ್ಲಿ ಪಟಾಕಿ ಸಿಡಿಯಿತು. ಕೊರಳಲ್ಲಿ ಕೊಬ್ಬರಿ, ಕೈಯಲ್ಲಿ ಹಣ್ಣಿನ ಬುಟ್ಟಿ. ಅದನ್ನು ಎಲ್ಲಿ ಇಡಬೇಕೆಂದೂ ನನಗೆ ತಿಳಿಯಲಿಲ್ಲ.

ಕರಿಯ ಓಡಿತು. ಅಷ್ಟು ಚೆನ್ನಾಗಿ ಯಾವ ಹೋರಿಯೂ ಅವತ್ತು ಓಡಲಿಲ್ಲ. ಮೈಮೇಲೆ ಬಿದ್ದವರನ್ನೆಲ್ಲ ಕೊಡವಿಕೊಂಡು ವೇದಿಕೆಯ ಮುಂದೆ ಹಾದುಹೋದಾಗ ಅದರ ಕಣ್ಣು ಕಂಡೆ, ಬಿಳಿಯ ಭಾಗವೇ ಹೆಚ್ಚು ಕಾಣುತ್ತಿತ್ತು. ಎಡಗಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಒಮ್ಮೆ ಕೆಳಗೆ ಹೋಗಿ ಬರುತ್ತಿತ್ತು. ಜನ ಅದನ್ನು ಗತ್ತು ಅಂದುಕೊಂಡರು. ಒಂದು ಗಿಟುಕೂ ಯಾರ ಕೈಗೂ ಸಿಗಲಿಲ್ಲ. ತಮ್ಮನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಅಲ್ಲಿಂದಲೇ ನನ್ನ ಕಡೆ ಕೈಮುಗಿದ. ನಾನು ಕೆತ್ತಿದ ಹಾಗೆಯೇ ಇತ್ತು ಅದು, ಬೈಕು ಒಂದು ಇರಲಿಲ್ಲ.

ಸಂಜೆ ಪಿಕಪ್ ಗಾಡಿಯಲ್ಲಿ ಮಲಗಿದ ಹೋರಿ ಊರಲ್ಲಿ ಇಳಿಸುವಾಗ ಏಳಲಿಲ್ಲ. ಎಂಟು ಜನ ಸೇರಿ ಇಳಿಸಿದರು. ಪಶು ವೈದ್ಯರು ಬಂದು, ಮಂಡಿಯ ಮೂಳೆ ಮೊದಲೇ ಬಿರುಕು ಬಿಟ್ಟಿರಬೇಕು, ಈಗ ಪೂರ್ತಿ ಹೋಗಿದೆ, ಇಷ್ಟು ಭಾರದ ಪ್ರಾಣಿ ಮೂರು ಕಾಲಿನ ಮೇಲೆ ಬದುಕುವುದು ಕಷ್ಟ ಎಂದರು. ತಮ್ಮ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡ. ಮೈ ಹುಣ್ಣಾಗದಿರಲಿ ಎಂದು ಹೊತ್ತುಹೊತ್ತಿಗೆ ಮಗ್ಗುಲು ಹೊರಳಿಸಿದ. ಗಂಜಿ ಕುಡಿಸಿದ. ಕಡೆಕಡೆಗೆ ಬಾಟಲಿಯಲ್ಲಿ ಹಾಲು ಹಾಕಿದನಂತೆ, ಅದು ಎರಡು ಗುಟುಕು ಕುಡಿಯಿತಂತೆ. ಎರಡನೆಯ ಭಾನುವಾರ ಸತ್ತಿತು.

ನಾನು ಹೋಗುವ ಹೊತ್ತಿಗೆ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಅರಿಶಿನ ಕುಂಕುಮ ಹಾಕಿದ್ದರು. ಊರ ಬಾಗಿಲಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸು ನಿಲ್ಲಿಸಿದ್ದರು. ಅದರಲ್ಲೂ ನನ್ನದೇ ಚಿತ್ರ, ಅದೇ ಬಂಗಾರದ ಮಂಡಿ. ಟೀ ಶರ್ಟು ಹಾಕಿಕೊಂಡ ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಅತ್ತಿದ್ದರಂತೆ. ಆ ಅಳು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ತಮ್ಮ ಕೊಟ್ಟಿಗೆಯಲ್ಲಿ ಕೂತಿದ್ದ. ಗಡ್ಡ ಬಂದಿತ್ತು. ನನ್ನನ್ನು ನೋಡಿ ಎದ್ದು, ಗೂಟದ ಮೇಲಿನಿಂದ ಆ ಜರಿಯ ಪಟ್ಟಿಯನ್ನು ತೆಗೆದುಕೊಂಡು ಬಂದು ನನ್ನ ಕೈಗಿಟ್ಟ. ಸ್ಪಂಜು ಒಳಗಡೆ ಒಣಗಿ ಗಟ್ಟಿಯಾಗಿತ್ತು, ಕಂದು ಬಣ್ಣಕ್ಕೆ ತಿರುಗಿತ್ತು.

"ಫೋಟೋಕ್ಕೆ ಅಂತ ನಾಲ್ಕು ದಿನ ಮುಂಚೆನೇ ಕಟ್ಟಿದ್ರು. ಬಿಚ್ಚಿದ್ರೆ ಹಾಳಾಗುತ್ತೆ ಅಂದ್ರು. ನಾನು ದಿನಾ ಬೆಳಿಗ್ಗೆ ನೋಡ್ತಿದ್ದೆ ಅಕ್ಕ, ಅವ್ವನಾಣೆ ಇಟ್ಟಿದ್ನಲ್ಲ. ಪಟ್ಟಿ ಕಟ್ಟಿದ ಮೇಲೆ ಬಾವು ಕಾಣ್ಲಿಲ್ಲ. ಕಾಣ್ದೆ ಇದ್ದಿದ್ದಕ್ಕೆ ಇಳ್ದಿದೆ ಅಂದ್ಕೊಂಡೆ."

ಅವನು ನನ್ನನ್ನು ದೂರಲಿಲ್ಲ. ದೂರಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಚಿಕ್ಕಂದಿನಲ್ಲಿ ಲೆಕ್ಕ ತಿಳಿಯದಿದ್ದಾಗ ನನ್ನ ಹತ್ತಿರ ಬಂದು ಕೇಳುತ್ತಿದ್ದನಲ್ಲ, ಅದೇ ದನಿಯಲ್ಲಿ ಕೇಳಿದ.

"ಅವತ್ತು ನಿಮ್ಮನೇಲಿ ಕಡಗನಾ ಅಂತ ಕೇಳ್ದೆ. ನೀನ್ಯಾಕೆ ಹೇಳ್ಲಿಲ್ಲ ಅಕ್ಕ?"

ನಾನು ಪಟ್ಟಿಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಈಗ ಅದು ನನ್ನ ಉಳಿಗಳ ಪೆಟ್ಟಿಗೆಯಲ್ಲಿದೆ. ತೊಳೆದಿಲ್ಲ.